ಹಿತ್ತಿಲ ಕೋಣೆಗೆ ಎಳೆದ ಕೇಬಲ್

ಕೊಡಿಗೇಹಳ್ಳಿಯ ಹಳೇ ಊರಿನಲ್ಲಿ ಮುನಿಗಂಗಪ್ಪನವರ ಮನೆ ಎಂದರೆ ಎರಡು ಮನೆ. ರಸ್ತೆಗೆ ಮುಖ ಮಾಡಿರುವುದು ಮಗ ಶಿವರಾಮ್ ಕಟ್ಟಿಸಿದ ತಾರಸಿ ಮನೆ. ಅದರ ಹಿಂದೆ, ಒಂದು ಅಂಗಳದಾಚೆ, ಸೈಜುಗಲ್ಲಿನ ದಪ್ಪ ಗೋಡೆಯ, ಕಲ್ಲುಚಪ್ಪಡಿ ಹೊದೆಸಿದ ಹಳೇ ಮನೆ. ಒಂದು ಕಾಲಕ್ಕೆ ಅಲ್ಲಿಂದ ನೋಡಿದರೆ ರಾಗಿ ಹೊಲ ಕಾಣುತ್ತಿತ್ತಂತೆ. ಈಗ ಮೂರು ಕಡೆಯೂ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡಗಳು. ಆ ಹಳೇ ಮನೆಯ ಕೊನೇ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇದ್ದವಳು ಮುನಿಗಂಗಪ್ಪನವರ ಮಗಳು ವನಿತಾ.

ವನಿತಾಳಿಗೆ ಎರಡೂವರೆ ವರ್ಷವಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ತೆಗೆದುಕೊಂಡು ಹೋಯಿತು. ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದರು. ಅಲ್ಲಿನ ಮೇಷ್ಟರಿಗೆ ಒಂದು ನಂಬಿಕೆಯಿತ್ತು: ಮಕ್ಕಳು ಕೈಯಲ್ಲಿ ಮಾತಾಡಿದರೆ ಬಾಯಿ ಬರುವುದಿಲ್ಲ. ಹಾಗಾಗಿ ತರಗತಿಯಲ್ಲಿ ಕೈ ಹಿಂದಕ್ಕೆ ಕಟ್ಟಿ ಕೂರಬೇಕು. ಕೈ ಆಡಿಸಿದವರ ಬೆರಳ ಗೆಣ್ಣಿಗೆ ಅಡಿಕೋಲಿನ ಏಟು. ವನಿತಾ ಅಲ್ಲಿ ಓದು ಬರಹ ಕಲಿತಳು, ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು. ಆದರೆ ಮಾತು ಅಂತ ಅವಳಿಗೆ ದಕ್ಕಿದ್ದು ಹಾಸ್ಟೆಲ್ಲಿನ ನೀರಿನ ತೊಟ್ಟಿಯ ಹಿಂದೆ. ಶಾಲೆಯ ಹುಡುಗಿಯರೆಲ್ಲ ಕದ್ದು ಸೇರುತ್ತಿದ್ದ ಜಾಗ ಅದು. ಅಲ್ಲಿ ಅವಳಿಗೆ ಕೈಮಾತು ಕಲಿಸಿದವಳು ಸಂಗವ್ವ. ಇಳಕಲ್ ಕಡೆಯವಳು, ಅಪ್ಪ ಯಲಹಂಕದಲ್ಲಿ ಗಾರೆ ಕೆಲಸಕ್ಕೆ ಬಂದಿದ್ದರಿಂದ ಆ ಶಾಲೆಗೆ ಸೇರಿದ್ದಳು. ಏಟು ತಿಂದು ಕೆಂಪಾದ ಬೆರಳುಗಳಲ್ಲೇ ಸಂಗವ್ವ ಮೇಷ್ಟರ ಹೊಟ್ಟೆಯನ್ನೂ ನಡಿಗೆಯನ್ನೂ ಅಣಕಿಸಿ ತೋರಿಸುತ್ತಿದ್ದಳು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅವಳು ಊರಿಗೆ ಹೋದಳು. ಒಂದೆರಡು ಕಾಗದ ಬಂದವು, ಆಮೇಲೆ ಅದೂ ನಿಂತಿತು.

ವನಿತಾ ಯಶವಂತಪುರದ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷ ದುಡಿದಳು. ಫ್ಯಾಕ್ಟರಿ ಬೇರೆ ಕಡೆಗೆ ಹೋದ ಮೇಲೆ ಮನೆಯಲ್ಲೇ ರವಿಕೆ ಹೊಲಿಯತೊಡಗಿದಳು. ಅವಳ ಕಟಿಂಗ್ ನೋಡಿ ಸಹಕಾರನಗರದಿಂದಲೂ ಹೆಂಗಸರು ಬರುತ್ತಿದ್ದರು. ಮನೆಯಲ್ಲಿ ಅವಳೊಂದಿಗೆ ಕೈಯಲ್ಲಿ ಮಾತಾಡುತ್ತಿದ್ದವರು ಇಬ್ಬರೇ. ತಾಯಿ ದ್ರೌಪದಮ್ಮ, ತಮಗೆ ತೋಚಿದ ನಲವತ್ತೈವತ್ತು ಸನ್ನೆಗಳಲ್ಲಿ. ಇನ್ನೊಬ್ಬಳು ಅಣ್ಣನ ಮಗಳು ಮೋನಿಷಾ. ಚಿಕ್ಕವಳಿದ್ದಾಗ ಅತ್ತೆಯ ಮಗ್ಗುಲಲ್ಲೇ ಮಲಗಿ ಕೈಮಾತು ಕಲಿತಿದ್ದಳು. ದೊಡ್ಡವಳಾಗಿ ಹೆಬ್ಬಾಳದ ಆಸ್ಪತ್ರೆಯೊಂದರ ಆಫೀಸಿಗೆ ಕೆಲಸಕ್ಕೆ ಹೋಗತೊಡಗಿದ ಮೇಲೆ ನಾಲ್ಕು ಜನರ ಎದುರಿಗೆ ಕೈ ಎತ್ತುವುದನ್ನು ಕಡಿಮೆ ಮಾಡಿದ್ದಳು.

ಎರಡು ಸಾವಿರದ ಹದಿನೇಳರಲ್ಲಿ ಶಿವರಾಮ್ ಮುಂದಿನ ಮನೆಗೆ ಹೊಸ ವೈಫೈ ಹಾಕಿಸಿದ. ಅದೇ ಸುಮಾರಿಗೆ ಕಿವುಡರ ವಾಟ್ಸಾಪ್ ಗುಂಪೊಂದರಲ್ಲಿ ವನಿತಾಳಿಗೆ ಸಂಗವ್ವ ಸಿಕ್ಕಳು. ವಿಡಿಯೋ ಕಾಲ್ ಎತ್ತಿದಾಗ ಪರದೆಯ ಮೇಲೆ ಕಂಡದ್ದು ನರೆತ ಕೂದಲಿನ, ದಪ್ಪಗಾದ ಹೆಂಗಸು. ಆದರೆ ಅವಳು ಕೈ ಎತ್ತಿ ಮೊದಲು ಮಾಡಿದ್ದೇ ಮೇಷ್ಟರ ಹೊಟ್ಟೆ. ವನಿತಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅಂದಿನಿಂದ ದಿನವೂ ಮಧ್ಯಾಹ್ನ ಕಾಲ್. ಆದರೆ ಅವಳ ಕೋಣೆಯಲ್ಲಿ ಅದು ಆಗುತ್ತಿರಲಿಲ್ಲ. ಕಲ್ಲಿನ ಗೋಡೆ ದಾಟಿ ವೈಫೈ ಬರುತ್ತಿರಲಿಲ್ಲ. ಸುತ್ತಲ ಕಟ್ಟಡಗಳ ನಡುವೆ ಮೊಬೈಲ್ ಸಿಗ್ನಲ್ ಒಂದು ಗೆರೆ ಬಂದರೆ ಹೆಚ್ಚು. ಕಿವಿಯಿದ್ದವರಿಗಾದರೆ ಚಿತ್ರ ನಿಂತರೂ ಧ್ವನಿ ಬರುತ್ತದೆ. ಇವರಿಗೆ ಚಿತ್ರ ನಿಂತರೆ ಮಾತೇ ನಿಂತಂತೆ. ಸಂಗವ್ವ ಗಂಡನ ಮೇಲೆ ಏನೋ ದೂರು ಹೇಳಲು ಕೈ ಎತ್ತುತ್ತಾಳೆ, ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಡುತ್ತದೆ; ಮತ್ತೆ ಚಲಿಸುವಷ್ಟರಲ್ಲಿ ಅವಳು ಸೊಸೆಯ ವಿಷಯಕ್ಕೆ ಬಂದಿರುತ್ತಾಳೆ. ಹಾಗಾಗಿ ವನಿತಾ ಮುಂದಿನ ಮನೆಯ ಹಾಲ್‌ಗೆ ಬಂದು, ಟಿವಿ ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದಳು. ಬಾಡಿಗೆಯವರು, ನೆಂಟರು, ಕೊರಿಯರ್‌ನವನು, ಎಲ್ಲರೂ ನಿಂತು ನೋಡಿ ಹೋಗುತ್ತಿದ್ದರು. ಅವಳು ಕೈಯನ್ನು ಎದೆಯ ಹತ್ತಿರವೇ ಇಟ್ಟುಕೊಂಡು, ಪಿಸುಗುಟ್ಟುವವರ ಹಾಗೆ ಚಿಕ್ಕದಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡಳು.

ಆ ಮಳೆಗಾಲದಲ್ಲಿ ಮೋನಿಷಾಳಿಗೆ ಸಂಬಂಧವೊಂದು ಬಂತು. ಹುಡುಗನ ಸೋದರಮಾವ ಮಾತಾಡಿಸಿಕೊಂಡು ಹೋಗಲು ಬಂದಾಗ ವನಿತಾ ಹಾಲ್‌ನಲ್ಲಿ ಕಾಲ್‌ನಲ್ಲಿದ್ದಳು. ಆತ ಅರ್ಧ ಗಂಟೆ ಕೂತಿದ್ದು, ಅಷ್ಟು ಹೊತ್ತೂ ಅವಳ ಕೈಯನ್ನೇ ನೋಡಿದ. ಆತ ಹೋದ ಮೇಲೆ ಶಿವರಾಮ್ ತಂಗಿಯ ಎದುರು ಬಂದು ನಿಂತ. ಅವಳಿಗೆ ತುಟಿ ಓದಲು ಅನುಕೂಲವಾಗಲೆಂದು ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದ:

"ವನಿ, ಇನ್ಮೇಲೆ ಹಾಲಲ್ಲಿ ಈ ಕೈ ಆಡ್ಸೋದು ಬೇಡ. ಮನೇಲಿ ಹೆಣ್ಮಗು ಮದ್ವೆಗಿದೆ. ವಂಶದಲ್ಲೇ ಐತೇನೋ ಅನ್ಕೋತಾರೆ."

ವನಿತಾ ಟೇಪು, ಸೀಮೆಸುಣ್ಣದ ಜೊತೆ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಚೀಟಿ ಪುಸ್ತಕ ತೆಗೆದು ಬರೆದಳು: "ಸರಿ. ನನ್ನ ಕೋಣೆಗೆ ವೈಫೈ ಹಾಕಿಸು."

"ನಿಂಗ್ಯಾಕೆ ವೈಫೈ," ಎಂದು ಅವನು ನಕ್ಕು ಒಳಗೆ ಹೋದ.

ಆ ವಾರ ಬಿಲ್ಲಿನ ವಿಷಯಕ್ಕೆ ನೆಟ್ ಕನೆಕ್ಷನ್ನಿನ ಹುಡುಗ ನರೇಂದ್ರ ಮನೆಗೆ ಬಂದಿದ್ದ. ವನಿತಾ ಅವನ ಕೈಗೆ ಚೀಟಿ ಕೊಟ್ಟಳು. ಅಟ್ಟದ ಮೇಲೆ ಸಿಕ್ಕ ಹಳೇ ರೂಟರನ್ನೂ ಮುಂದಿಟ್ಟಳು. ಮನೆಗೆ ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಅದರ ಜೊತೆ ಬಂದಿದ್ದ ಬಿಳೀ ಡಬ್ಬಿ ಅದು. ಬಳಸದೆ ಹಳದಿ ತಿರುಗಿತ್ತು. ನರೇಂದ್ರ ಚೀಟಿ ಓದಿ, ಚೀಟಿ ಕೊಟ್ಟವಳನ್ನು ಬಿಟ್ಟು ಅವಳ ಅತ್ತಿಗೆ ರಾಣಿಯ ಕಡೆ ತಿರುಗಿದ.

"ಮೇಡಂ, ಅವ್ರಿಗೆ ಹೇಳಿ, ಅದು ಸೈಜುಗಲ್ಲು ಗೋಡೆ, ಸಿಗ್ನಲ್ ನುಗ್ಗಲ್ಲ. ಬೇರೆ ಕನೆಕ್ಷನ್ನೇ ತಗೋಬೇಕು. ಈ ಡಬ್ಬ ಗುಜರಿಗೆ ಹಾಕಿ. ಇದೆಲ್ಲ ಅವ್ರಿಗೆ ಅರ್ಥ ಆಗಲ್ಲ."

ಅವನು ಪಕ್ಕಕ್ಕೆ ತಿರುಗಿಕೊಂಡೇ ಹೇಳಿದ್ದರೂ ಕೊನೆಯ ಮಾತು ವನಿತಾಳಿಗೆ ಸ್ಪಷ್ಟವಾಗಿ ಕಂಡಿತು. ಅದನ್ನು ಅವಳು ಎಷ್ಟೋ ತುಟಿಗಳ ಮೇಲೆ ಓದಿದ್ದಳು. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೋಣೆಗೆ ನಡೆದಳು.

ಮೊದಲ ಸಲ ಅವಳು ಮಾಡಿದ್ದು ತಪ್ಪಾಯಿತು. ಕೊಡಿಗೇಹಳ್ಳಿ ಗೇಟಿನ ಹತ್ತಿರದ ಅಂಗಡಿಯಿಂದ ತುಂಡು ಕೇಬಲ್ ತಂದು, ಹಳೇ ರೂಟರನ್ನು ಹಾಲ್‌ನಲ್ಲೇ ಹೊಸದರ ಪಕ್ಕ ಇಟ್ಟು, ಒಂದಕ್ಕೊಂದು ಸಿಕ್ಕಿಸಿ ಕರೆಂಟು ಕೊಟ್ಟಳು. ಐದು ನಿಮಿಷದೊಳಗೆ ಇಡೀ ಮನೆಯ ನೆಟ್ ನಿಂತುಹೋಯಿತು. ಮೋನಿಷಾಳ ಲ್ಯಾಪ್‌ಟಾಪ್ ನಿಂತಿತು, ಶಿವರಾಮ್ ನೋಡುತ್ತಿದ್ದ ಕ್ರಿಕೆಟ್ ನಿಂತಿತು. ವನಿತಾಳಿಗೆ ಗದ್ದಲ ಕೇಳಿಸಲಿಲ್ಲ. ರಾಣಿ ಬಂದು ಕೇಬಲ್ ಕಿತ್ತು ಕೈಗೆ ಕೊಟ್ಟಾಗಲೇ ಗೊತ್ತಾಯಿತು. ಶಿವರಾಮ್ ಏನೇನೋ ಕೂಗಾಡುತ್ತಿದ್ದ. ಅಷ್ಟು ವೇಗವಾಗಿ ಆಡುವ ತುಟಿಯನ್ನು ಓದುವ ಶ್ರಮವನ್ನು ಅವಳು ತೆಗೆದುಕೊಳ್ಳಲಿಲ್ಲ.

ಅವಳಿದ್ದ ವಾಟ್ಸಾಪ್ ಗುಂಪಿನಲ್ಲಿ ಮುಜಫ್ಫರ್ ಎಂಬಾತನಿದ್ದ. ಆರ್.ಟಿ. ನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ಹುಟ್ಟಿನಿಂದ ಕಿವುಡ. ವನಿತಾ ರೂಟರಿನ ಬೆನ್ನಿನ ಫೋಟೋ ತೆಗೆದು ಅವನಿಗೆ ಕಳಿಸಿ, ಏನಾಯಿತೆಂದು ಹೇಳಿದಳು. ಅವನು ಅಂಗಡಿಯಲ್ಲಿ ನಿಂತೇ ಕೈಮಾತಿನ ವಿಡಿಯೋ ಮಾಡಿ ಕಳಿಸಿದ.

"ನೆಟ್ ಅನ್ನೋದು ಒಂದು ಬೀದಿ ಅನ್ಕೊಳ್ಳಿ," ಎಂದಿತ್ತು ಅವನ ಕೈ. "ನಿಮ್ಮ ಮನೇಲಿರೋ ಒಂದೊಂದು ಫೋನೂ ಒಂದೊಂದು ಮನೆ. ಮನೆಗಳಿಗೆ ನಂಬರ್ ಹಚ್ಚೋನು ರೂಟರ್. ನೀವು ಒಂದೇ ಬೀದಿಗೆ ಇಬ್ಬರನ್ನ ನಂಬರ್ ಹಚ್ಚೋಕೆ ಬಿಟ್ರಿ. ಸಾಲದ್ದಕ್ಕೆ ಇಬ್ಬರೂ ತಮ್ಮದೇ ಒಂದನೇ ನಂಬರ್ ಅಂದ್ರು. ಜಗಳ ಆಗದೆ ಇರುತ್ತಾ? ಹಳೇದಕ್ಕೆ ಎರಡನೇ ನಂಬರ್ ಕೊಡಿ, ನಂಬರ್ ಹಚ್ಚೋ ಕೆಲಸ ಬಿಡಿಸಿ. ಮೊದಲನೆಯದು ಕೊಟ್ಟಿದ್ದನ್ನ ನಿಮ್ಮ ಕೋಣೇಲಿ ಹರಡೋದಷ್ಟೇ ಅದರ ಕೆಲಸ."

ವನಿತಾ ಆ ವಿಡಿಯೋವನ್ನು ನಾಲ್ಕು ಸಲ ನೋಡಿದಳು. ಇಷ್ಟು ಸರಳವಾದದ್ದನ್ನು ಆ ನೆಟ್ ಹುಡುಗ ಅರ್ಥವಾಗುವುದಿಲ್ಲ ಎಂದಿದ್ದನಲ್ಲ ಎಂದು ಸಿಟ್ಟೂ ಬಂತು.

ಮಾರನೇ ದಿನ ರವಿಕೆಗಳನ್ನೆಲ್ಲ ಪಕ್ಕಕ್ಕಿಟ್ಟು ಕೂತಳು. ರೂಟರಿನ ಬೆನ್ನಲ್ಲಿದ್ದ ಸಣ್ಣ ತೂತಿಗೆ ಸೂಜಿಯ ಹಿಂಬದಿ ತೂರಿಸಿ, ಹತ್ತು ಎಣಿಸುವವರೆಗೆ ಒತ್ತಿ ಹಿಡಿದಳು. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಹಳೆಯದನ್ನೆಲ್ಲ ಅದು ಮರೆತಿತ್ತು. ತನ್ನ ಫೋನನ್ನು ಆ ರೂಟರಿಗೇ ಜೋಡಿಸಿ, ಮುಜಫ್ಫರ್ ಹೇಳಿದ ಅಂಕಿಗಳನ್ನು ಬ್ರೌಸರಿನಲ್ಲಿ ಒತ್ತಿದಾಗ ಇಂಗ್ಲಿಷಿನ ಪುಟವೊಂದು ತೆರೆಯಿತು. ಅವಳು ಅಂಕಿಯ ಕೊನೆಯಲ್ಲಿದ್ದ ಒಂದನ್ನು ಅಳಿಸಿ ಎರಡು ಮಾಡಿದಳು. ತಕ್ಷಣ ಪುಟ ಮಾಯ. ಡಬ್ಬಿ ಕೆಟ್ಟೇಹೋಯಿತು ಅಂದುಕೊಂಡಳು. ಆಮೇಲೆ ಹೊಳೆಯಿತು: ಮನೆ ಬದಲಾಗಿದೆ, ಹಳೇ ವಿಳಾಸಕ್ಕೆ ಹೋದರೆ ಯಾರು ಸಿಗುತ್ತಾರೆ? ಹೊಸ ಅಂಕಿ ಒತ್ತಿದಳು. ಪುಟ ಬಂತು. ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಮುಂದಿನ ಮನೆಯದರಂತೆಯೇ ಇಟ್ಟಳು. ಫೋನ್ ಹಿಡಿದುಕೊಂಡು ಅಂಗಳ ದಾಟಿದರೆ ತಾನೇ ಒಂದರಿಂದ ಇನ್ನೊಂದಕ್ಕೆ ಹಾರಲಿ ಎಂದು. ಕೊನೆಯಲ್ಲಿ ಡಿಎಚ್‌ಸಿಪಿ ಎಂಬ ಸಾಲಿನ ಗುರುತನ್ನು ತೆಗೆದುಹಾಕಿದಳು. ನಂಬರ್ ಹಚ್ಚುವ ಕೆಲಸ ಬಿಡಿಸುವುದೆಂದರೆ ಅದು.

ಉಳಿದದ್ದು ಕೇಬಲ್. ಹೊಲಿಗೆಯ ಟೇಪಿನಲ್ಲೇ ಅಂಗಳವನ್ನು ಅಳೆದಳು. ಟಿವಿ ಸ್ಟ್ಯಾಂಡಿನಿಂದ ಕಿಟಕಿ, ಕಿಟಕಿಯಿಂದ ಕಾಂಪೌಂಡ್, ಅಲ್ಲಿಂದ ತನ್ನ ಕೋಣೆಯ ಮರದ ಚೌಕಟ್ಟಿನವರೆಗೆ ಇಪ್ಪತ್ತೆರಡು ಮೀಟರ್. ತಿರುವುಗಳಿಗೂ ಸೇರಿಸಿ ಇಪ್ಪತ್ತೈದು ಮೀಟರಿನ ಕೇಬಲ್ ತಂದಳು. ಮಳೆಗೆ, ಇಲಿಗೆ ಸಿಗದಿರಲೆಂದು ಅಂಗಳದಲ್ಲಿ ಬಿದ್ದಿದ್ದ ಹಳೇ ಪಿವಿಸಿ ಪೈಪುಗಳೊಳಗೆ ಅದನ್ನು ತೂರಿಸಿ, ಗೋಡೆಗುಂಟ ಕಟ್ಟುತ್ತ ಬಂದಳು. ದ್ರೌಪದಮ್ಮ ಸ್ಟೂಲ್ ಹಿಡಿದು ನಿಂತಿದ್ದರು. ಹಾದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ನಾರಾಯಣಮ್ಮ ಇಣುಕಿ, "ಏನಕ್ಕಾ, ಮಗಳ ಕೈಲಿ ಕರೆಂಟ್ ಕೆಲ್ಸ ಮಾಡಿಸ್ತಿದೀಯ?" ಎಂದು ಕೇಳಿದಳು.

"ನಾನೆಲ್ಲಿ ಮಾಡಿಸ್ತೀನಿ, ಅವಳೇ ಮಾಡ್ಕೊತಾವ್ಳೆ. ನನ್ಗೇನ್ ಗೊತ್ತು ಇವೆಲ್ಲ," ಎಂದರು ದ್ರೌಪದಮ್ಮ. ಆ ಮಾತಿನಲ್ಲಿ ಹೆಮ್ಮೆ ಇದ್ದದ್ದು ಅವರು ಎತ್ತಿ ಹಿಡಿದ ಗಲ್ಲ ನೋಡಿದರೆ ತಿಳಿಯುತ್ತಿತ್ತು.

ಹಳೇ ರೂಟರಿನಲ್ಲಿ ಫೋನ್ ವೈರಿಗೆಂದಿದ್ದ ತೂತನ್ನು ಮುಟ್ಟದೆ, ನಾಲ್ಕು ತೂತುಗಳ ಸಾಲಿನಲ್ಲಿ ಒಂದಕ್ಕೆ ಕೇಬಲ್ ಸಿಕ್ಕಿಸಿದಳು. ಹಾಲ್‌ನಲ್ಲಿದ್ದ ಹೊಸದರಲ್ಲೂ ಹಾಗೆಯೇ. ರೂಟರನ್ನು ಕೋಣೆಯ ನಡುಗೋಡೆಯ ಎತ್ತರದ ಹಲಗೆಯ ಮೇಲೆ ಇಟ್ಟಳು. ಫೋನಿನ ಮೂಲೆಯಲ್ಲಿ ವೈಫೈ ಗುರುತು ಪೂರ್ತಿ ತುಂಬಿ ನಿಂತಿತು. ಮುಂದಿನ ಮನೆಯಲ್ಲಿ ಯಾವುದೂ ನಿಲ್ಲಲಿಲ್ಲ.

ಸಂಗವ್ವನಿಗೆ ಕಾಲ್ ಮಾಡಿದಳು. ಫೋನನ್ನು ಯಂತ್ರದ ಮೇಲೆ ದಾರದುಂಡೆಗೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಸಂಗವ್ವ ಕಣ್ಣು ಕಿರಿದು ಮಾಡಿ ಕೇಳಿದಳು: "ಏನೇ, ಇವತ್ತು ಇಷ್ಟು ಜೋರಾಗಿ ಮಾತಾಡ್ತಿದೀಯ?"

ಆಗಲೇ ವನಿತಾ ತನ್ನ ಕೈಗಳನ್ನು ಗಮನಿಸಿದ್ದು. ಅವು ತಲೆಯಿಂದ ಸೊಂಟದವರೆಗೆ, ತೋಳುದ್ದಕ್ಕೂ ಬೀಸುತ್ತಿದ್ದವು.

"ನನ್ನ ಕೋಣೆ ಕಣೇ," ಎಂದಳು.

ಎರಡು ದಿನ ಆದ ಮೇಲೆ ಶಿವರಾಮ್ ಬಾಗಿಲಲ್ಲಿ ಬಂದು ನಿಂತು ರೂಟರನ್ನು, ಪೈಪನ್ನು ನೋಡಿದ. ಮುಖದಲ್ಲಿ ಬಹಳ ದಿನಗಳ ಮೇಲೆ ಸಮಾಧಾನವಿತ್ತು. "ಒಳ್ಳೇದಾಯ್ತು ಬಿಡು," ಎಂದ. "ಇನ್ ನೀನು ಮುಂದಕ್ಕೆ ಬರೋದೇ ಬೇಡ. ಭಾನ್ವಾರ ಗಂಡಿನ ಕಡೆಯವ್ರು ಬರ್ತಾವ್ರೆ. ಇಲ್ಲೇ ಇದ್ಬಿಡು. ಎಷ್ಟೊತ್ತು ಬೇಕಾದ್ರೂ ಮಾತಾಡ್ಕೋ, ಯಾರೂ ಕೇಳಲ್ಲ."

ವನಿತಾ ಕೇಬಲ್ ಎಳೆದದ್ದು ತನ್ನ ಮಾತಿಗೊಂದು ಜಾಗ ಇರಲಿ ಎಂದು. ಅಣ್ಣ ಅದನ್ನೇ ಬೀಗ ಮಾಡಿಕೊಂಡು ಅವಳನ್ನು ಒಳಗೆ ಕೂಡಿಹಾಕುತ್ತಿದ್ದ.

ಭಾನುವಾರ ಗಂಡಿನವರು ಆರು ಜನ ಬಂದರು. ಹಾಲ್‌ನಲ್ಲಿ ಮಾತು ನಡೆಯುತ್ತಿದ್ದಾಗ ವನಿತಾ ಸಾಸಿವೆ ಬಣ್ಣದ ಸೀರೆಯುಟ್ಟು, ತಾನೇ ಹೊಲಿದ ರವಿಕೆ ತೊಟ್ಟು, ಅಂಗಳ ದಾಟಿ ಬಂದಳು. ಶಿವರಾಮ್ ಅರ್ಧ ಎದ್ದ. ವನಿತಾ ಬಂದವರಿಗೆಲ್ಲ ನಮಸ್ಕಾರ ಮಾಡಿ ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

"ಇವ್ರು ಯಾರು?" ಎಂದು ಹುಡುಗನ ತಾಯಿ ಕೇಳಿದರು.

"ನಮ್ ತಂಗಿ," ಎಂದ ಶಿವರಾಮ್. "ಸ್ವಲ್ಪ ಹುಷಾರಿಲ್ಲ ಅವಳ್ಗೆ."

ಅಷ್ಟರಲ್ಲಿ ಮೋನಿಷಾ ಕಾಫಿ ತಟ್ಟೆ ಹಿಡಿದು ಬಂದಳು. ಅವಳ ಸೆರಗು ಭುಜದಿಂದ ಜಾರುತ್ತಿತ್ತು. ವನಿತಾ ಕೈ ಎತ್ತಿ ಎಲ್ಲರ ಎದುರಿಗೇ ಹೇಳಿದಳು: "ಸೆರಗು ಸರಿ ಮಾಡ್ಕೊ." ಮೋನಿಷಾ ಒಂದು ಗಳಿಗೆ ನಿಂತಳು. ತಟ್ಟೆಯನ್ನು ಟೀಪಾಯಿ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ಖಾಲಿಯಾದ ಕೈಯಲ್ಲಿ ಕೇಳಿದಳು: "ಹುಡುಗ ಹೇಗಿದಾನೆ ಅತ್ತೆ?"

"ಮೀಸೆ ಪರವಾಗಿಲ್ಲ," ಎಂದಳು ವನಿತಾ. ಮೋನಿಷಾ ನಕ್ಕುಬಿಟ್ಟಳು.

ಬಂದವರಲ್ಲಿ ಹಿರಿಯರೊಬ್ಬರು ಶಿವರಾಮ್ ಕಡೆ ಬಾಗಿ ಕೇಳಿದರು: "ಹುಟ್ಟಿನಿಂದಾನಾ? ಮನೇಲಿ ಬೇರೆ ಯಾರ್ಗಾದ್ರೂ ಇದ್ಯಾ ಇದು?"

"ಅಯ್ಯೋ ಇಲ್ಲ, ಜ್ವರ ಬಂದು ಹಿಂಗಾಯ್ತು," ಎನ್ನುತ್ತಿದ್ದ ಶಿವರಾಮ್. ವನಿತಾ ಅಷ್ಟರಲ್ಲಿ ಚೀಟಿ ಬರೆದು ಹುಡುಗನ ಕೈಗೇ ಕೊಟ್ಟಿದ್ದಳು. ಅವನು ತಡವರಿಸುತ್ತ ಗಟ್ಟಿಯಾಗಿ ಓದಿದ: "ನಾನು ವನಿತಾ, ಮೋನಿಷಾಳ ಸೋದರತ್ತೆ. ಹುಷಾರಾಗಿದ್ದೇನೆ. ಕಿವಿ ಕೇಳುವುದಿಲ್ಲ. ನನ್ನ ವಿಷಯ ಕೇಳುವುದಿದ್ದರೆ ನನ್ನನ್ನೇ ಕೇಳಿ. ಬರೆದು ಕೊಡಿ."

ಪೆನ್ನು ಟೀಪಾಯಿ ಮೇಲೇ ಇತ್ತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ದ್ರೌಪದಮ್ಮ, "ಕಾಫಿ ತಣ್ಣಗಾಯ್ತದೆ, ಕುಡೀರಿ," ಎಂದರು.

ವಾರ ಕಳೆಯುವುದರೊಳಗೆ ಜಾತಕ ಕೂಡಿಬರಲಿಲ್ಲ ಎಂಬ ಫೋನ್ ಬಂತು. ಶಿವರಾಮ್ ಟಿವಿ ಸ್ಟ್ಯಾಂಡಿಗೆ ಹೋಗಿ ಕೇಬಲ್ ಕಿತ್ತು ಕಿಟಕಿಯಾಚೆ ಎಸೆದ. ಕಾಲ್ ನಡುವೆ ಸಂಗವ್ವನ ಮುಖ ನಿಂತುಹೋದಾಗ ವನಿತಾ ಎದ್ದು ಬಂದು ಮತ್ತೆ ಸಿಕ್ಕಿಸಿದಳು. ಮಾರನೇ ದಿನ ಮತ್ತೆ ಕಿತ್ತ. ಮತ್ತೆ ಸಿಕ್ಕಿಸಿದಳು. ಮೂರನೇ ದಿನ ಅವನು ಕಟಿಂಗ್ ಪ್ಲೇಯರಿನಲ್ಲಿ ಕೇಬಲಿನ ತುದಿಯ ಪ್ಲಗ್ಗನ್ನೇ ಕತ್ತರಿಸಿ ಹಾಕಿದ.

ವನಿತಾ ಪೈಪುಗಳಿಂದ ಕೇಬಲನ್ನು ಪೂರ್ತಿ ಎಳೆದು, ಸುರುಳಿ ಸುತ್ತಿ, ಗೇಟಿನ ಅಂಗಡಿಗೆ ಒಯ್ದಳು. ಅಂಗಡಿಯವನು ಹತ್ತು ನಿಮಿಷದಲ್ಲಿ ಹೊಸ ಪ್ಲಗ್ ಒತ್ತಿಕೊಟ್ಟ. ಅವಳು ಇನ್ನೂ ಒಂದು ಹಿಡಿ ಪ್ಲಗ್ಗುಗಳನ್ನೂ, ಅವನ್ನು ಒತ್ತುವ ಇಕ್ಕಳವನ್ನೂ ಕೊಂಡಳು. ಎಂಟು ಎಳೆಗಳನ್ನು ಯಾವ ಬಣ್ಣದ ಪಕ್ಕ ಯಾವ ಬಣ್ಣ ಜೋಡಿಸಬೇಕೆಂದು ಅಂಗಡಿಯವನಿಂದ ಚೀಟಿಯಲ್ಲಿ ಬರೆಸಿಕೊಂಡಳು. ಮನೆಗೆ ಬಂದು, ಮತ್ತೆ ಪೈಪಿನಲ್ಲಿ ತೂರಿಸಿ, ಶಿವರಾಮ್ ಹಾಲ್‌ನಲ್ಲಿ ಕೂತು ನೋಡುತ್ತಿದ್ದಂತೆಯೇ ಸಿಕ್ಕಿಸಿದಳು. ಆಮೇಲೆ ಪ್ಲಗ್ಗುಗಳ ಪೊಟ್ಟಣವನ್ನು ಅವನ ಮುಂದಿಟ್ಟು ಒಂದು ಚೀಟಿ ಬರೆದಳು: "ಇನ್ನೂ ಹನ್ನೆರಡು ಇವೆ. ಕತ್ತರಿಸು."

ಶಿವರಾಮ್ ಚೀಟಿ ಓದಿದ. ಪೊಟ್ಟಣ ನೋಡಿದ. "ನಿನ್ನಿಂದ ನನ್ ಮಗಳ ಸಂಬಂಧ ಹೋಯ್ತು," ಎಂದ.

ಆಫೀಸಿಗೆ ಹೊರಟಿದ್ದ ಮೋನಿಷಾ ಬಾಗಿಲಲ್ಲೇ ತಿರುಗಿದಳು. ಅತ್ತೆಗೂ ತಿಳಿಯಲೆಂದು ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದಳು: "ಅಪ್ಪಾ, ಒಂದು ಚೀಟಿಗೆ ಉತ್ತರ ಬರೆಯೋಕೆ ಆಗ್ದೋರ ಮನೆಗೆ ನಾನ್ಯಾಕ್ ಹೋಗ್ಲಿ? ಹೋದ್ರೆ ಹೋಗ್ಲಿ ಬಿಡಿ."

ಮತ್ತೆ ಆ ಕೇಬಲನ್ನು ಯಾರೂ ಮುಟ್ಟಲಿಲ್ಲ. ಶಿವರಾಮ್ ತಂಗಿಯ ಜೊತೆ ಐದಾರು ತಿಂಗಳು ಮಾತಾಡಲಿಲ್ಲ. ಅವಳು ಅದಕ್ಕೆ ಸೊರಗಲೂ ಇಲ್ಲ, ಸೋಲಲೂ ಇಲ್ಲ. ಯಾರಾದರೂ ಬಂದರೆ ಹಾಲ್‌ಗೆ ಬಂದು ಕೂತೇ ಕೂರುತ್ತಿದ್ದಳು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಯಲಹಂಕದ ಹತ್ತಿರದ ಸಿಂಗಾಪುರ ಗ್ರಾಮದ ಕಡೆಯ ಸಂಬಂಧವೊಂದು ಬಂತು. ಅವತ್ತು ಶಿವರಾಮ್ ಅವಳನ್ನು ಪರಿಚಯ ಮಾಡಿಕೊಡಲಿಲ್ಲ, ಒಳಗೆ ಹೋಗೆಂದೂ ಹೇಳಲಿಲ್ಲ. ಅವಳೇ ತನ್ನ ಪರಿಚಯ ಮಾಡಿಕೊಂಡಳು. ಆ ಮನೆಯ ಅಜ್ಜಿ ಅಲ್ಪಸ್ವಲ್ಪ ಅಕ್ಷರ ಕಲಿತವರು, ಸೊಟ್ಟ ಅಕ್ಷರದಲ್ಲಿ, "ಈ ರವಿಕೆ ನೀನೇ ಹೊಲಿದದ್ದಾ?" ಎಂದು ಬರೆದು ಕೊಟ್ಟರು. ಮದುವೆ ಆ ಮನೆಗೇ ಆಯಿತು.

ಅಷ್ಟು ಹೊತ್ತಿಗೆ ಸಂಗವ್ವ ಇಳಕಲ್ಲಿನಲ್ಲಿ ತನ್ನಂಥ ಒಂಬತ್ತು ಹೆಂಗಸರನ್ನು ಒಂದು ಕೋಣೆಯಲ್ಲಿ ಕೂಡಿಸಿ, ಶನಿವಾರ ಮಧ್ಯಾಹ್ನ ವನಿತಾಳಿಂದ ವಿಡಿಯೋದಲ್ಲಿ ಹೊಲಿಗೆ ಪಾಠ ಹೇಳಿಸತೊಡಗಿದ್ದಳು. ತೋಳು ಕೂಡಿಸುವ ಪಾಠದ ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಹಿಂಜರಿಯುತ್ತ, ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಏನೋ ಕೇಳಿದಳು.

"ಕಾಣಿಸ್ಲಿಲ್ಲ," ಎಂದಳು ವನಿತಾ. "ಕೈ ಮೇಲೆತ್ತಿ ಕೇಳು."

ಹುಡುಗಿ ಕೈ ಎತ್ತಿ ಮತ್ತೆ ಕೇಳಿದಳು. ತೋಳಿನ ನೆರಿಗೆ ಎಲ್ಲಿಂದ ಶುರುವಾಗಬೇಕು ಎಂಬುದು ಅವಳ ಪ್ರಶ್ನೆ. ವನಿತಾ ಅರ್ಧ ಹೊಲಿದಿದ್ದ ರವಿಕೆಯನ್ನು ಫೋನಿನ ಹತ್ತಿರ ಹಿಡಿದು, ಹೊಲಿಗೆ ಬಿಚ್ಚಿ, ಮೊದಲಿನಿಂದ ತೋರಿಸಿದಳು.